ನಾನು ಓದದೆ ಬಿಟ್ಟ ಹನ್ನೊಂದು ಪುಟ

ಮಧ್ಯಾಹ್ನದ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದರೆ ನನಗೆ ಈಗಲೂ ಆ ಬೀಗ ಕಾಣುತ್ತದೆ. ಹಿತ್ತಾಳೆಯದು, ಹಳೆಯದು, ಬಿಸಿಲಿಗೆ ಕಾದದ್ದು. ನಾನು ಅದನ್ನು ಬಲಗೈಯಿಂದ ಎಳೆಯುತ್ತಿರುತ್ತೇನೆ. ಎಡ ಕಂಕುಳಲ್ಲಿ ಬಾಳೆಲೆ ಸುತ್ತಿದ ಮಲ್ಲಿಗೆಯ ಕಟ್ಟು. ಅದನ್ನು ಕೆಳಗಿಟ್ಟರೆ ಎರಡೂ ಕೈ ಸಿಗುತ್ತವೆ ಎಂದು ತೋಚುವುದೇ ಇಲ್ಲ. ಹೊಗೆಗೂ ಮಲ್ಲಿಗೆಗೂ ಸೇರಿ ಒಂದೇ ವಾಸನೆ. ಉಡುಪಿ ದಾಟಿ ಕಡಿಯಾಳಿಯಲ್ಲಿ ಬಸ್ಸು ಬ್ರೇಕ್ ಹಾಕಿದಾಗ ಎಚ್ಚರವಾಗುತ್ತದೆ. ಮಡಿಲಲ್ಲಿ ನನ್ನ ಬಲಗೈ ಮುಷ್ಟಿ ಕಟ್ಟಿಕೊಂಡಿರುತ್ತದೆ.

ಆ ಬೀಗದ ಕತೆ ನನಗೆ ಮೊದಲೇ ಗೊತ್ತಿತ್ತು. ಒಂದು ಕಾದಂಬರಿಯಲ್ಲಿ ಓದಿದ್ದೆ. ಓದಿ, ಹೇಳದೆ ಬಿಟ್ಟಿದ್ದೆ.

ನಾನು ಮಣಿಪಾಲದ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುವವಳು. ನನ್ನ ಪಾಳಿ ಮಧ್ಯಾಹ್ನದ ನಂತರ. ಬೆಳಗ್ಗಿನ ಹೊತ್ತು ಶಂಕರಪುರದ ನಮ್ಮ ಮನೆಯ ಜಗಲಿಯಲ್ಲಿ ಮಲ್ಲಿಗೆ ಕಟ್ಟುವ ಕೆಲಸ. ಬೆಳಕು ಹರಿಯುವ ಮೊದಲೇ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಚೆಂಡು ಮಾಡಿ, ಅರಳುವ ಮುಂಚೆ ಕಟ್ಟೆಗೆ ಮುಟ್ಟಿಸಬೇಕು. ಕಟ್ಟೆ ಎಂದರೆ ಊರಿನ ಹೂವೆಲ್ಲ ಬಂದು ಸೇರುವ ಜಾಗ. ಅಲ್ಲಿಂದ ಗಾಡಿ ಹೊರಟಿತೆಂದರೆ ನಮಗಾಗಿ ನಿಲ್ಲುವುದಿಲ್ಲ. ಆದ್ದರಿಂದ ಬೆರಳು ನಿಲ್ಲಿಸುವ ಹಾಗಿಲ್ಲ. ಬಾಯಿ ಮತ್ತು ಕಿವಿ ಮಾತ್ರ ಖಾಲಿ.

ಆ ಖಾಲಿ ಕಿವಿಗಳಿಗೆಂದು ನಾನು ಪುಸ್ತಕ ಓದಲು ಶುರುಮಾಡಿದ್ದು ಮದುವೆಯಾಗಿ ಬಂದ ಮೊದಲ ವರ್ಷ. ನನ್ನ ಬೆರಳು ನಿಧಾನ. ನಾನು ಕಟ್ಟಿದ ಚೆಂಡು ಒಂದು ಕಡೆ ದಪ್ಪ, ಒಂದು ಕಡೆ ಸಪೂರ. ಅತ್ತೆ ಎರಡು ದಿನ ನೋಡಿ, "ನೀನು ಕಟ್ಟುವುದು ಬೇಡ, ಓದು. ಕಾಲೇಜಿಗೆ ಹೋಗಿದ್ದೀಯಲ್ಲ, ಅದಾದರೂ ಉಪಯೋಗಕ್ಕೆ ಬರಲಿ" ಎಂದರು. ಅತ್ತೆಯನ್ನು ನಾವು ತುಳುವಿನಲ್ಲಿ ಮಾಮಿ ಎಂದು ಕರೆಯುವುದು. ಪುಸ್ತಕ ಕನ್ನಡದ್ದು, ಜಗಲಿಯ ಮಾತು ತುಳು. ನಾನು ಕಣ್ಣಿನಲ್ಲಿ ಕನ್ನಡ ಓದಿ ಬಾಯಲ್ಲಿ ತುಳು ಹೇಳುತ್ತಿದ್ದೆ. ವರ್ಷಗಳ ಅಭ್ಯಾಸದಿಂದ ಅದು ನೀರು ಹರಿದ ಹಾಗೆ ಬರುತ್ತಿತ್ತು. ಕನ್ನಡದ ನಾಯಕಿ ನಮ್ಮ ಜಗಲಿಗೆ ಬರುವಷ್ಟರಲ್ಲಿ ಉದ್ಯಾವರದಲ್ಲೋ ಕಾಪುವಿನಲ್ಲೋ ಹುಟ್ಟಿದವಳಾಗಿಬಿಡುತ್ತಿದ್ದಳು.

ಈ ವ್ಯವಸ್ಥೆಯಲ್ಲಿ ಒಂದು ಹೇಳದ ನಿಯಮವಿತ್ತು. ಗಂಡ ಹೆಂಡತಿ ಮಲಗುವ ಕೋಣೆಯ ಬಾಗಿಲು ಹಾಕಿಕೊಂಡರೆ ನಾನು ಪುಟ ಮಗುಚಿಬಿಡುತ್ತಿದ್ದೆ. ಮಾಮಿಯ ಎದುರು ಅಂಥದ್ದನ್ನು ತುಳುವಿನಲ್ಲಿ ಹೇಗೆ ಹೇಳುವುದು? "ಬೆಳಗಾಯಿತು" ಎಂದು ಮುಂದುವರಿಸುತ್ತಿದ್ದೆ. ಯಾಕೆಂದು ಯಾರೂ ಕೇಳುತ್ತಿರಲಿಲ್ಲ. ನಮ್ಮ ಜಗಲಿಯ ಕಾದಂಬರಿಗಳಲ್ಲಿ ಎಲ್ಲರಿಗೂ ಬೇಗ ಬೆಳಗಾಗುತ್ತಿತ್ತು.

ಈ ಬೇಸಿಗೆಯ ಮೊದಲು ಲೈಬ್ರರಿಗೆ ಒಂದು ಕಾದಂಬರಿ ಬಂತು. ಕೊಲೆ, ಪೊಲೀಸ್ ಎಂತದ್ದೂ ಇಲ್ಲ. ಒಂದು ಮನೆ, ಗಂಡ, ಹೆಂಡತಿ. ಮನೆಯ ವಸ್ತುಗಳು ಜಾಗ ಬದಲಾಯಿಸುತ್ತವೆ. ಇಟ್ಟ ಚಮಚ ಇಟ್ಟಲ್ಲಿ ಇಲ್ಲ, ಆರಿಸಿದ ಒಲೆ ಉರಿಯುತ್ತಿರುತ್ತದೆ. "ನಿನಗೆ ಮರೆವು, ಪಾಪ" ಎನ್ನುತ್ತಾನೆ ಗಂಡ. ಅವನೇ ಮಾಡುತ್ತಿದ್ದಾನೋ, ಅವಳಿಗೇ ತಲೆ ಸರಿ ಇಲ್ಲವೋ, ಕೊನೆಯವರೆಗೂ ಬರೆದವರು ಬಿಟ್ಟುಕೊಡುವುದಿಲ್ಲ. ಅದನ್ನು ಓದಿ ಹಿಂದಿರುಗಿಸಲು ಬಂದವರು ಕೌಂಟರಿನಲ್ಲಿ ಸುಮ್ಮನೆ ಪುಸ್ತಕ ಇಟ್ಟು ಹೋದದ್ದೇ ಇಲ್ಲ. ಒಬ್ಬ ನಿವೃತ್ತ ಮೇಷ್ಟ್ರು, "ಸಂಶಯದ ಹೆಂಗಸು ಇದ್ದರೆ ಒಳ್ಳೆಯ ಗಂಡನ ಬಾಳು ಹೇಗೆ ಹಾಳಾಗುತ್ತದೆ ಎಂದು ಚೆನ್ನಾಗಿ ಬರೆದಿದ್ದಾರೆ" ಎಂದರು. ಅವರ ಹಿಂದೆ ಸಾಲಿನಲ್ಲಿದ್ದ ನರ್ಸಿಂಗ್ ಓದುವ ಹುಡುಗಿ, "ಸರ್, ನಾವು ಓದಿದ್ದು ಒಂದೇ ಪುಸ್ತಕವಾ?" ಎಂದಳು. ನನ್ನ ಜೊತೆ ಕೆಲಸ ಮಾಡುವಾಕೆ ಆ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನ ಜಗಳ ಒರಸಿ ಒರಸಿ ಸುಸ್ತಾದಳು. "ಇವಳು ಸುಳ್ಳುಗಾತಿ" ಎಂದು ಒಬ್ಬರು, ಅದರ ಕೆಳಗೆ "ನಿನ್ನ ಹೆಂಡತಿಯನ್ನು ಕೇಳು" ಎಂದು ಇನ್ನೊಬ್ಬರು.

ಇಷ್ಟು ಜಗಳದ ಪುಸ್ತಕ ಜಗಲಿಗೆ ಒಳ್ಳೆಯದು ಎಂದು ಮನೆಗೆ ತಂದೆ.

ಆಗ ನಮ್ಮ ಜಗಲಿಯಲ್ಲಿ ಇದ್ದವರು ನಾಲ್ಕು ಮಂದಿ. ಮಾಮಿ, ನಾನು, ಪಕ್ಕದ ಹಿತ್ತಲಿನ ಬಾಯಮ್ಮ. ಇಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಹಾಗೆ ಕರೆಯುವುದು ರೂಢಿ. ಅವರ ಕೈಯೂ ನಾಲಿಗೆಯೂ ಒಂದೇ ವೇಗ. ನಾಲ್ಕನೆಯವಳು ಮಾಮಿಯ ತಮ್ಮನ ಮಗಳು. ಮದುವೆಯಾಗಿ ಎರಡು ವರ್ಷ, ಗಂಡನ ಮನೆ ಕಾರ್ಕಳದ ಹೊರಗೆ. ಅವಳು ಒಂದು ನಸುಕಿನಲ್ಲಿ, ಗಂಡ ಏಳುವ ಮೊದಲೇ, ಅವನಿಗೆ ಹೇಳದೆ ಒಂದು ಬ್ಯಾಗು ಹಿಡಿದು ಬಂದು ನಮ್ಮಲ್ಲಿ ಉಳಿದಿದ್ದಳು. ಅವಳ ತಂದೆ ತಾಯಿ ಇಬ್ಬರೂ ತೀರಿಕೊಂಡಿದ್ದರಿಂದ ತವರು ಎಂದರೆ ನಮ್ಮದೇ. ಹಿಂದೆ ಹೋಗುವುದೋ ಇಲ್ಲವೋ ಎಂದು ಯುಗಾದಿಯ ಒಳಗೆ ಹೇಳಬೇಕೆಂದು ಗಂಡನ ಕಡೆಯ ಹಿರಿಯರು ಕಾಪುವಿನಿಂದ ಹೇಳಿ ಕಳಿಸಿದ್ದರು.

"ಎಂತ ತೊಂದರೆ ಅಲ್ಲಿ?" ಎಂದು ಕೇಳಿದರೆ, "ಎಂತದ್ದೂ ಇಲ್ಲ" ಎನ್ನುತ್ತಿದ್ದಳು. "ಹೊಡೆಯುವುದಿಲ್ಲ, ಕುಡಿಯುವುದಿಲ್ಲ. ಒಳ್ಳೆಯವರೇ. ಮನೆಯೊಳಗೆ ಉಸಿರು ಕಟ್ಟಿದ ಹಾಗೆ ಆಗ್ತದೆ, ಅಷ್ಟೇ."

ಅಷ್ಟೇ ಎಂಬುದನ್ನು ಯಾರೂ ಕಾರಣ ಎಂದು ಒಪ್ಪುವ ಹಾಗಿರಲಿಲ್ಲ. ಅವಳೂ ಒಪ್ಪಿರಲಿಲ್ಲವೇನೋ.

ಆ ದಿನಗಳು ಈಗ ನೆನಪಿಗೆ ಬರುವುದು ಬಿಳಿಯಾಗಿ. ಜಗಲಿಯ ಮೇಲೆ ಒದ್ದೆ ಬಟ್ಟೆ, ಬಟ್ಟೆಯ ಮೇಲೆ ಮೊಗ್ಗಿನ ರಾಶಿ, ಅದರ ಸುತ್ತ ಆರು ಕೈ. ನನ್ನ ದನಿ ನನಗೇ ದೂರದಿಂದ ಕೇಳುತ್ತಿತ್ತು. ಸುಗಂಧ ಹೆಚ್ಚಾದರೆ ತಲೆ ಸ್ವಲ್ಪ ತೇಲುತ್ತದೆ. ಕತೆಯೊಳಗಿನ ಮನೆ, ನಮ್ಮ ಮನೆ ಎರಡರ ನಡುವಿನ ಗೋಡೆ ಮಂಜಿನ ಹಾಗೆ ತೆಳುವಾಗುತ್ತದೆ. ಒಂದು ಬೆಳಿಗ್ಗೆ ಮಾಮಿ ಎದ್ದು ಹೋಗಿ ನಮ್ಮ ಒಲೆ ಆರಿದೆಯಾ ಎಂದು ನೋಡಿ ಬಂದರು.

"ಈ ಹೆಣ್ಣಿಗೆ ಕೆಲಸ ಇಲ್ಲ ಮಾರಾಯ್ತಿ" ಎಂದರು ಬಂದು ಕೂತು. "ದಿನಕ್ಕೆ ನಾಲ್ಕು ಚೆಂಡು ಕಟ್ಟಲಿಕ್ಕೆ ಕೊಟ್ಟರೆ ಚಮಚ ಎಲ್ಲಿ ಹೋಯಿತು ಅಂತ ಕೇಳಲಿಕ್ಕಿಲ್ಲ."

"ನಿಮ್ಮ ಹಲ್ಲುಸೆಟ್ ಮೊನ್ನೆ ಫ್ರಿಜ್ಜಿನಲ್ಲಿ ಸಿಕ್ಕಿತಲ್ಲ, ಅದನ್ನು ಇಟ್ಟದ್ದು ಯಾರು?" ಎಂದರು ಬಾಯಮ್ಮ.

"ಅದು ನಾನೇ."

"ಹಾಂ, ನಿಮಗೆ ಗಂಡ ಇಲ್ಲ, ಅದಕ್ಕೆ ನೀವೇ. ಇದ್ದಿದ್ದರೆ ಅವರ ಮೇಲೆ ಹಾಕಬಹುದಿತ್ತು."

ಎಲ್ಲರೂ ನಕ್ಕೆವು. ಮಾಮಿಯ ತಮ್ಮನ ಮಗಳೂ ನಕ್ಕಳು. ನಗುವಾಗಲೂ ಅವಳ ಕೈ ನಿಲ್ಲಲಿಲ್ಲ; ಅವಳು ಕಟ್ಟಿದ ಚೆಂಡು ಎಲ್ಲರದ್ದಕ್ಕಿಂತ ಬಿಗಿ.

ಪುಸ್ತಕದ ನಡುವೆ ಒಂದು ಅಧ್ಯಾಯ ಬಂತು. ಇಡೀ ಅಧ್ಯಾಯ ಮಲಗುವ ಕೋಣೆಯಲ್ಲಿ. ಹನ್ನೊಂದು ಪುಟ. ನಾನು ಹಿಂದಿನ ಸಂಜೆ ಬಸ್ಸಿನಲ್ಲಿ ಒಬ್ಬಳೇ ಓದಿದ್ದೆ. ಗಂಡ ಹೆಂಡತಿಯನ್ನು ತಬ್ಬಿಕೊಂಡಿದ್ದಾನೆ. ಬಹಳ ಪ್ರೀತಿಯ ಮಾತು. ಆ ಪ್ರೀತಿಯ ಮಧ್ಯದಲ್ಲಿ ಅವಳ ಕೈ ದಿಂಬಿನ ಕೆಳಗೆ ಹೋಗಿ ಒಂದು ಕೀಲಿ ಮುಟ್ಟುತ್ತದೆ. ದಿನವೂ ಅವನು ಹೊರಗೆ ಹೋಗುವಾಗ ಬಾಗಿಲಿಗೆ ಹೊರಗಿನಿಂದ ಬೀಗ ಹಾಕುತ್ತಾನೆ ಎಂದು ಓದುವವರಿಗೆ ಗೊತ್ತಾಗುವುದು ಅಲ್ಲಿ. ಬೇರೆಲ್ಲೂ ಅಲ್ಲ. "ನೀನು ಮರೆತು ಎಲ್ಲಿಗಾದರೂ ಹೋಗಿಬಿಟ್ಟರೆ?" ಎನ್ನುತ್ತಾನೆ, ಅವಳ ಹಣೆ ಸವರುತ್ತಾ. ಬೀಗವೂ ಮುದ್ದೂ ಒಂದೇ ವಾಕ್ಯದಲ್ಲಿ ಹೆಣೆದುಕೊಂಡಿದ್ದವು. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಲು ನನಗೆ ಬರಲಿಲ್ಲ. ಅಥವಾ ಪ್ರಯತ್ನಿಸಲಿಲ್ಲ.

"ಬೆಳಗಾಯಿತು" ಎಂದೆ.

ಹಾಗಾಗಿ ನಮ್ಮ ಜಗಲಿ ಕೇಳಿದ ಕತೆಯಲ್ಲಿ ಬೀಗ ಇರಲಿಲ್ಲ. ಪುಸ್ತಕ ಮುಗಿದ ದಿನ ಮಾಮಿ ತೀರ್ಪು ಕೊಟ್ಟರು: ಗಂಡ ಪಾಪದವ, ಹೆಂಡತಿಗೆ ಮನಸ್ಸಿನ ಕಾಯಿಲೆ. ಬಾಯಮ್ಮ ಮಾತ್ರ, "ಏನೋ ಒಂದು ಬಿಟ್ಟು ಹೋಗಿದೆ. ಹೆಂಗಸು ಸುಮ್ಮನೆ ಅಷ್ಟು ಹೆದರುವುದಿಲ್ಲ" ಎಂದರು. "ನಿಮಗೆ ಎಲ್ಲ ಗಂಡಸರ ಮೇಲೂ ಸಂಶಯ" ಎಂದು ಮಾಮಿ ಗದರಿದರು. ನಾನು ಪುಸ್ತಕ ಮುಚ್ಚಿ ಸ್ನಾನಕ್ಕೆ ಎದ್ದೆ.

ಯುಗಾದಿಗೆ ನಾಲ್ಕು ದಿನ ಇರುವಾಗ ಒಂದು ಸಂಜೆ ಅವಳು, "ಅಕ್ಕ, ಕಾಪು ಬೀಚಿಗೆ ಹೋಗುವನಾ?" ಎಂದಳು. ಲೈಟ್‌ಹೌಸಿನ ಕೆಳಗಿನ ಬಂಡೆಯ ಮೇಲೆ ಕೂತೆವು. ಸೂರ್ಯ ಮುಳುಗುವ ಮೊದಲಿನ ಬೆಳಕು ನೀರಿನ ಮೇಲೂ ಅವಳ ಮುಖದ ಮೇಲೂ ಒಂದೇ ಬಣ್ಣ ಬಳಿದಿತ್ತು. ಆಮೇಲೆ ಸಮುದ್ರ ನೋಡುತ್ತಲೇ ಕೇಳಿದಳು:

"ಅಕ್ಕ, ಆ ಪುಸ್ತಕದಲ್ಲಿ ಅವನು ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಬಾಗಿಲು ಹಾಕಿಕೊಂಡು ಹೋಗ್ತಾನಾ?"

ನಾನು ಅದನ್ನು ಜಗಲಿಯಲ್ಲಿ ಓದಿರಲಿಲ್ಲ. ಒಂದು ಅಕ್ಷರವೂ ಹೇಳಿರಲಿಲ್ಲ. ಹಾಗಾದರೆ ಇವಳಿಗೆ ಹೇಗೆ ಗೊತ್ತು? ಆ ಪ್ರಶ್ನೆ ನನ್ನೊಳಗೆ ಬಂತು. ಬಂದದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಆದರೆ ಪುಟ ಹಾರಿಸಿದ್ದು ಸಿಕ್ಕಿಬಿತ್ತಲ್ಲ ಎಂಬ ನಾಚಿಕೆ ಅದಕ್ಕಿಂತ ಮೊದಲು ಬಾಯಿಗೆ ಬಂತು.

"ಪುಸ್ತಕ ಅಲ್ವಾ" ಎಂದೆ. "ಎಂತೆಂತದೋ ಬರೀತಾರೆ. ತಲೆಗೆ ಹಾಕ್ಕೊಳ್ಬೇಡ."

ಅವಳು ತಲೆ ಆಡಿಸಿದಳು. "ಮಾಮಿ ಹೇಳಿದ್ದೇ ಸರಿ ಇರಬೇಕು. ನಂಗೆ ಕೆಲಸ ಇಲ್ಲ. ಅದಕ್ಕೆ ಹೀಗೆ ಆಗೋದು" ಎಂದಳು. ಯುಗಾದಿಯ ಮರುದಿನ ಅವಳ ಗಂಡ ಬಂದ. ಮೀನು ತಂದಿದ್ದ, ಮಾಮಿಯ ಕಾಲಿಗೆ ಬಿದ್ದ, ನಗುತ್ತಾ ಕರೆದುಕೊಂಡು ಹೋದ.

ಮೇ ತಿಂಗಳ ಒಂದು ರಜಾದಿನ ಮಾಮಿ ಮಲ್ಲಿಗೆ ಕಟ್ಟಿಕೊಟ್ಟು, "ಕಾರ್ಕಳಕ್ಕೆ ಹೋಗಿ ನೋಡಿಕೊಂಡು ಬಾ. ಫೋನಿನಲ್ಲಿ ಅವಳ ದನಿ ಎಂತದೋ ಹಾಗೆ ಉಂಟು" ಎಂದರು. ಉಡುಪಿಯಿಂದ ಬಸ್ಸು. ಇಳಿದು ಕಪ್ಪು ಬಂಡೆಗಳ ಪಕ್ಕದ ಮಣ್ಣಿನ ದಾರಿಯಲ್ಲಿ ನಡೆದೆ. ಹತ್ತು ಗಂಟೆಯ ಬಿಸಿಲು. ಬಂಡೆಗಳಿಂದ ಏಳುವ ಕಾವಿನಲ್ಲಿ ಮನೆ ನೀರಿನೊಳಗಿದ್ದಂತೆ ಅಲುಗುತ್ತಿತ್ತು. ಹಂಚಿನ ಸಣ್ಣ ಮನೆ, ಕಿಟಕಿಗೆಲ್ಲ ಕಬ್ಬಿಣದ ಸರಳು. ಮುಂಬಾಗಿಲಿಗೆ ಬೀಗ.

ಯಾರೂ ಇಲ್ಲ ಎಂದುಕೊಂಡೆ. ಇದನ್ನೇ ನಾನು ಮತ್ತೆ ಮತ್ತೆ ನೋಡುವುದು: ಬೀಗ ನೋಡಿದ್ದೇ ನಾನು ತಿರುಗಿದೆ. ಅಂಗಳ ದಾಟಿದೆ. ಹೊರಟೇ ಹೋಗುತ್ತಿದ್ದೆ. "ನೀನಿಲ್ಲ, ಹೂವು ಪಕ್ಕದ ಮನೆಯಲ್ಲಿ ಕೊಟ್ಟು ಹೋಗ್ತೇನೆ" ಎಂದು ಹೇಳಲು ಫೋನ್ ಮಾಡಿದೆ. ಫೋನು ಮನೆಯೊಳಗೆ ರಿಂಗಾಯಿತು.

ರಿಂಗು ನಿಂತಾಗ ಕೆಮ್ಮು ಕೇಳಿತು. ಹಂಚಿನ ಸಂದಿಯಿಂದ ಹೊಗೆ ನಿಧಾನವಾಗಿ, ಆತುರವೇ ಇಲ್ಲದ ಹಾಗೆ ಮೇಲೇಳುತ್ತಿತ್ತು. ಮೊದಲ ಕ್ಷಣ ಅದು ಚೆಂದ ಕಂಡಿತು. ಅದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ.

ಆಮೇಲಿನದ್ದು ತುಂಡು ತುಂಡು. ಹಿಂಬಾಗಿಲಿಗೆ ಓಡಿದೆ, ಅಲ್ಲೂ ಬೀಗ. ಮುಂಬಾಗಿಲಿಗೆ ಬಂದು ಬೀಗ ಎಳೆದೆ. ಒಳಗಿನಿಂದ ಅವಳ ಕೈ ಬಾಗಿಲಿಗೆ ಬಡಿಯುವುದು ನನ್ನ ಎದೆಗೆ ತಾಗುತ್ತಿತ್ತು. "ಅಕ್ಕ, ಬಚ್ಚಲಿನ ಮಡಲಿಗೆ ಬೆಂಕಿ ಹಿಡಿದಿದೆ" ಎಂದಳು, ತೀರಾ ಮೆಲ್ಲಗೆ, ಯಾರಿಗೋ ತೊಂದರೆ ಕೊಡುತ್ತಿದ್ದೇನೆ ಎಂಬಂತೆ. ಸ್ನಾನದ ನೀರು ಕಾಯಿಸುವ ಒಲೆ ಅಡುಗೆಮನೆಗೆ ಅಂಟಿಕೊಂಡೇ ಇತ್ತು. ಪಕ್ಕದಲ್ಲಿ ಪೇರಿಸಿದ್ದ ಒಣ ತೆಂಗಿನ ಗರಿಗೆ ಕಿಡಿ ಹಾರಿತ್ತು. ನಾನು ಕೂಗಿದೆ. ಪಕ್ಕದ ತೋಟದಲ್ಲಿ ತೆಂಗಿನಕಾಯಿ ಕೀಳುತ್ತಿದ್ದ ಮಧ್ಯವಯಸ್ಸಿನ ಒಬ್ಬರು ಮರದಿಂದ ಜಾರಿ ಓಡಿ ಬಂದರು. ಬೀಗ ನೋಡಲೂ ಇಲ್ಲ ಅವರು. "ಬೀಗ ಬಿಡಿ ಅಕ್ಕ, ಮೇಲಿನಿಂದ" ಎಂದವರೇ ಗೋಡೆ ಹತ್ತಿ ಹಂಚುಗಳನ್ನು ಒಂದೊಂದಾಗಿ ಸರಿಸಿ ಕೆಳಗೆ ಎಸೆದರು. ತೂತಿನೊಳಗೆ ಮರ ಹತ್ತುವ ತಮ್ಮ ಹಗ್ಗ ಇಳಿಬಿಟ್ಟು ಎಳೆದರು. ಅವಳ ತಲೆ ಹಂಚಿನ ನಡುವಿನಿಂದ, ಹೊಗೆಯ ನಡುವಿನಿಂದ ಮೇಲೆ ಬಂತು. ಆ ಹೊತ್ತಿಗೂ ನನ್ನ ಕೈ ಬೀಗದ ಮೇಲಿತ್ತು. ಕಂಕುಳಲ್ಲಿ ಹೂವಿತ್ತು.

ಬೆಂಕಿ ಅಡುಗೆಮನೆ ದಾಟಲಿಲ್ಲ. ಅವಳ ಅಂಗೈ ಸುಟ್ಟಿತ್ತು, ಎರಡು ದಿನ ಆಸ್ಪತ್ರೆಯಲ್ಲಿದ್ದಳು. ಗಂಡ ಬೈಕಿನಲ್ಲಿ ಬಂದವನು ಅಂಗಳದಲ್ಲಿ ಕುಸಿದು ಕೂತು ಅತ್ತ. ನಾಟಕದ ಅಳು ಎಂದು ನನಗೆ ಅನಿಸಲಿಲ್ಲ, ಇವತ್ತಿಗೂ ಅನಿಸುವುದಿಲ್ಲ. "ಊರಲ್ಲಿ ಕಳ್ಳರು, ಇವಳಿಗೆ ಒಬ್ಬಳೇ ಇರಲಿಕ್ಕೆ ಹೆದರಿಕೆ. ಅದಕ್ಕೆ ಹಾಕಿ ಹೋಗುವುದು" ಎಂದ.

ಅವಳನ್ನು ಶಂಕರಪುರಕ್ಕೆ ಕರೆತಂದ ಮೇಲೆ ನಮ್ಮವರು ಇಬ್ಭಾಗವಾದರು, ಲೈಬ್ರರಿಯ ಕೌಂಟರಿನ ಎದುರು ಆದ ಹಾಗೆಯೇ. ಕಾಳಜಿಯಿಂದ ಹಾಕಿದ ಬೀಗ, ಪಾಪ, ಅವನಿಗೇನು ಗೊತ್ತು ಬೆಂಕಿ ಬೀಳುತ್ತದೆಂದು, ಎಂದು ಕೆಲವರು. ಒಲೆಗೆ ಬೆಂಕಿ ಹಾಕಿ ಮರೆತದ್ದು ಅವಳೇ ಅಲ್ವಾ, ಎಂದು ಇನ್ನೊಬ್ಬರು. "ಅವ ಎಷ್ಟು ಅತ್ತ ಗೊತ್ತುಂಟಾ?" ಎಂದು ಅವಳ ಚಿಕ್ಕಪ್ಪ ಹೇಳಿದಾಗ ಬಾಯಮ್ಮ ಮೊಗ್ಗಿನಿಂದ ತಲೆ ಎತ್ತದೆ, "ಅಳಲಿ ಬಿಡಿ. ಕೀಲಿ ಯಾರ ಕಿಸೆಯಲ್ಲಿತ್ತು, ಅದು ಹೇಳಿ" ಎಂದರು.

ಮಳೆಗಾಲ ಶುರುವಾಗುವ ಮುಂಚಿನ ಒಂದು ಆದಿತ್ಯವಾರ ಕಾಪುವಿನ ಹಿರಿಯರು ಬರುವವರಿದ್ದರು, ಅವಳನ್ನು ಮತ್ತೆ ಕಳುಹಿಸುವ ಮಾತಿಗೆ. ಹಂಚು ಹೊಸದು ಹಾಕಿಸಿದ್ದಾರಂತೆ, ಬಚ್ಚಲು ದೂರ ಕಟ್ಟಿಸಿದ್ದಾರಂತೆ. ಆ ಬೆಳಿಗ್ಗೆ ನಾಲ್ಕು ಜನ ಜಗಲಿಯಲ್ಲಿ ಕೂತಿದ್ದೆವು. ಅವಳ ಅಂಗೈಯ ಚರ್ಮ ಇನ್ನೂ ಗುಲಾಬಿ. ನಾರು ಎಳೆಯಲು ಆಗುತ್ತಿರಲಿಲ್ಲ, ಮೊಗ್ಗು ಜೋಡಿಸಿ ಕೊಡುತ್ತಿದ್ದಳು.

"ಆ ಪುಸ್ತಕ ತಾ" ಎಂದರು ಮಾಮಿ.

"ಯಾವುದು ಮಾಮಿ?"

"ಚಮಚದ್ದು. ನೀನು ಬಿಟ್ಟದ್ದನ್ನು ಓದು."

"ನಿಮಗೆ ಗೊತ್ತಿತ್ತಾ?"

"ಪುಟ ಹಾರಿಸುವಾಗ ನಿನ್ನ ದನಿ ಬಸ್ಸು ಹಂಪ್ ಹತ್ತಿದ ಹಾಗೆ ಮಾಡ್ತದೆ. ಆರು ವರ್ಷದಿಂದ ಕೇಳ್ತಾ ಇದ್ದೇನೆ. ನನಗೆ ಮರ್ಯಾದೆ ಕೊಟ್ಟು ಬಿಡ್ತಿದ್ದೀಯ ಅಂತ ನಾನೂ ಸುಮ್ಮನಿದ್ದೆ." ಮಾಮಿ ನಾರಿನ ತುದಿ ಉಗುರಿನಿಂದ ಸೀಳಿದರು. "ಎರಡು ಮಕ್ಕಳನ್ನು ಹೆತ್ತವಳು ನಾನು, ಮಾರಾಯ್ತಿ. ಓದು."

ಪುಸ್ತಕವನ್ನು ನಾನು ಮತ್ತೆ ಎರವಲು ತಂದು ಕಪಾಟಿನಲ್ಲಿ ಇಟ್ಟುಕೊಂಡಿದ್ದೆ, ಒಮ್ಮೆಯೂ ತೆರೆಯದೆ. ಎದ್ದು ಹೋಗಿ ತಂದೆ. ಆ ಮಾತುಗಳಿಗೆ ನನ್ನ ಬಳಿ ತುಳು ಇರಲಿಲ್ಲ. ಕನ್ನಡದಲ್ಲಿ, ಇದ್ದದ್ದು ಇದ್ದ ಹಾಗೆ ಓದಿದೆ. ಮುದ್ದು ಓದಿದೆ, ದಿಂಬು ಓದಿದೆ, ದಿಂಬಿನ ಕೆಳಗಿನ ಕೀಲಿ ಓದಿದೆ. "ನೀನು ಮರೆತು ಎಲ್ಲಿಗಾದರೂ ಹೋಗಿಬಿಟ್ಟರೆ?" ಎಂಬಲ್ಲಿ ಮೊಗ್ಗು ಜೋಡಿಸುತ್ತಿದ್ದ ಕೈ ನಿಂತಿತು. ಆಮೇಲೆ ಒಂದೊಂದಾಗಿ ಉಳಿದ ಕೈಗಳೂ.

ಮುಗಿದಾಗ ಅವಳು ಕೇಳಿದಳು, "ಇದನ್ನು ಓದಿದ ಮೇಲೂ ಅವನು ಪಾಪದವ ಅಂತ ಹೇಳುವವರು ಇದ್ದಾರಾ ಅಕ್ಕ, ನಿಮ್ಮ ಲೈಬ್ರರಿಯಲ್ಲಿ?"

ಸುಳ್ಳು ಹೇಳಬಹುದಿತ್ತು. "ಇದ್ದಾರೆ" ಎಂದೆ. "ಬಹಳ ಜನ. ಓದಿದವರೇ."

"ಹಾಂ" ಎಂದಳು. ಅವಳಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. "ಆಗಲೇ ಇದು ನನ್ನ ಕಿವಿಗೆ ಬಿದ್ದಿದ್ದರೆ ಸಾಕಿತ್ತು. ಬೇರೆಯವರ ಮನೆಯಲ್ಲೂ ಹಾಗೆ ಉಂಟು ಅಂತ. ಅಷ್ಟೇ."

ಮಾಮಿ ಎದ್ದು ಒಳಗೆ ಹೋಗಿ, ಕಳುಹಿಸಲೆಂದು ಕಟ್ಟಿಟ್ಟಿದ್ದ ಅವಳ ಬ್ಯಾಗನ್ನು ಬಾಗಿಲ ಬಳಿಯಿಂದ ತೆಗೆದು ತಮ್ಮ ಕೋಣೆಯ ಕಪಾಟಿನ ಮೇಲೆ ಇಟ್ಟು ಬಂದರು.

ಹಿರಿಯರು ಬಂದಾಗ ಅವಳೇ ಹೇಳಿದಳು, ನಾವು ಯಾರೂ ಬಾಯಿ ತೆರೆಯುವ ಮೊದಲು. "ನಾನು ಬರುವುದಿಲ್ಲ. ಅವರು ಕೆಟ್ಟವರು ಅಂತ ನಾನು ಹೇಳುವುದಿಲ್ಲ. ಆ ಮನೆಗೆ ನಾನು ಬರುವುದಿಲ್ಲ." ಅವರು ಒಂದು ಗಂಟೆ ಮಾತಾಡಿದರು. ಅವಳು ಅದನ್ನೇ ಇನ್ನೂ ಎರಡು ಸಲ ಹೇಳಿದಳು. ಚಹಾ ಕುಡಿದು ಹೋದರು.

ಆಗ ನೋಡಿದರೆ ಬಟ್ಟೆಯ ಮೇಲೆ ಉಳಿದ ರಾಶಿಯೆಲ್ಲ ಅರಳಿಬಿಟ್ಟಿತ್ತು. ಕಟ್ಟೆಯ ಗಾಡಿ ಯಾವಾಗಲೋ ಹೊರಟುಹೋಗಿತ್ತು. ನಾನು ಈ ಮನೆಗೆ ಬಂದ ಮೇಲೆ ನಮ್ಮ ಹೂವು ಗಾಡಿ ತಪ್ಪಿದ್ದು ಅದೇ ಮೊದಲು.

"ಇನ್ನು ಎಂತ ಮಾಡುವುದು ಇದನ್ನು?" ಎಂದೆ.

"ಎಂತ ಮಾಡುವುದು, ಮುಡಿಯುವುದು" ಎಂದರು ಬಾಯಮ್ಮ. "ಮೂವತ್ತು ವರ್ಷ ಬೇರೆಯವರ ತಲೆಗೆ ಕಟ್ಟಿದ್ದೇನೆ. ನನ್ನ ಕೂದಲು ಉದುರುವವರೆಗೆ ಕಾಯ್ಲಿಕ್ಕೆ ಆಗ್ತದಾ?"

ಅರಳಿದ ಮಲ್ಲಿಗೆ ಚೆಂಡಿಗೆ ನಿಲ್ಲುವುದಿಲ್ಲ. ಸಡಿಲವಾಗಿ, ಅಡ್ಡಾದಿಡ್ಡಿಯಾಗಿ, ನನ್ನ ಕಟ್ಟಿನ ಹಾಗೆ ಬಂತು. ನಾನು ಅವಳ ಹಿಂದೆ ಕೂತು ಮುಡಿಸಿದೆ. ಕೂದಲಲ್ಲಿ ಹೊಗೆಯ ವಾಸನೆ ಇನ್ನೂ ಇದೆಯೇನೋ ಎಂದು ಮೂಗು ಹತ್ತಿರ ತಂದೆ. ಇರಲಿಲ್ಲ. ಎರಡೂ ಕೈ ಖಾಲಿ ಮಾಡಿಕೊಂಡು, ನಿಧಾನವಾಗಿ, ಒಂದೊಂದೇ ಪಿನ್ನು ಹಾಕಿದೆ.